ಹೊಳೆ, ಅಳಿವೆ, ಗಜನಿ: ಉತ್ತರ ಕನ್ನಡ ಕರಾವಳಿಯ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಬರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರ ಇರುತ್ತವೆ. ಇಲ್ಲೇ ಹುಟ್ಟಿ ಹೊರಗೆ ಕೆಲಸಕ್ಕೆ ಹೋದ ಹುಡುಗರು ಕೇಳುವುದು ಬೇರೆ. ಎರಡನ್ನೂ ಸೇರಿಸಿ ಉತ್ತರ ಬರೆದಿದ್ದೇನೆ. ಬೀಚಿನ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅದು ಇಲ್ಲಿ ಸಿಗುವುದಿಲ್ಲ. ಇದು ಹೊಳೆಯ ವಿಷಯ.

ನಿಮ್ಮ ಜಿಲ್ಲೆಯಲ್ಲಿ ಎಷ್ಟು ಹೊಳೆ ಸಮುದ್ರ ಸೇರುತ್ತವೆ?

ದೊಡ್ಡವು ನಾಲ್ಕು. ಗೋವಾ ಕಡೆಯಿಂದ ಕೆಳಗೆ ಬಂದರೆ ಕಾರವಾರದಲ್ಲಿ ಕಾಳಿ, ಅಂಕೋಲಾಕ್ಕೂ ಗೋಕರ್ಣಕ್ಕೂ ನಡುವೆ ಗಂಗಾವಳಿ, ತದಡಿಯಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ. ಭಟ್ಕಳದ ಕಡೆ ವೆಂಕಟಾಪುರ ಹೊಳೆ ಇದೆ. ಸಣ್ಣಪುಟ್ಟ ಹಳ್ಳಗಳಿಗೆ ಲೆಕ್ಕವಿಲ್ಲ.

ಕಾಳಿ ಜೊಯಿಡಾ ಕಾಡಿನ ಡಿಗ್ಗಿ ಹತ್ತಿರ ಹುಟ್ಟಿ ಸುಮಾರು 184 ಕಿ.ಮೀ. ಹರಿಯುತ್ತದೆ. ಗಂಗಾವಳಿಯ ಹುಟ್ಟು ಧಾರವಾಡದ ಕಡೆ. ಘಟ್ಟದ ಮೇಲೆ ಅದನ್ನು ಬೇಡ್ತಿ ಅಂತಾರೆ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ ಕೆಳಗೆ ಬಂದ ಮೇಲೆ ಗಂಗಾವಳಿ ಆಗುತ್ತದೆ. ಶರಾವತಿ ತೀರ್ಥಹಳ್ಳಿಯ ಅಂಬುತೀರ್ಥದಿಂದ ಬರುತ್ತದೆ. ಅಘನಾಶಿನಿ ಶಿರಸಿಯ ಮಗಳು. ಶಿರಸಿ ಪೇಟೆಯ ಶಂಕರಹೊಂಡದ ಕಡೆಯಿಂದ ದೋಣಿಹಳ್ಳ, ಮಂಜುಗುಣಿ ಕಡೆಯಿಂದ ಬಕುರಹೊಳೆ, ಎರಡೂ ಕೂಡಿ ದೊಡ್ಡದಾಗಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬಿದ್ದು, ಒಟ್ಟು 117 ಕಿ.ಮೀ. ಹರಿದು ಸಮುದ್ರಕ್ಕೆ ಬರುತ್ತದೆ. ಶಿರಸಿಯಲ್ಲಿ ಚರಂಡಿಗೆ ಎಸೆದ ಚಿಪ್ಸ್ ಪ್ಯಾಕೆಟ್ ಕುಮಟಾದ ಬಲೆಯಲ್ಲಿ ಯಾಕೆ ಸಿಗುತ್ತದೆ ಅಂತ ಈಗ ಗೊತ್ತಾಯಿತಲ್ವಾ?

ಹೊಳೆ ನೀರು ಉಪ್ಪಾ, ಸಿಹಿಯಾ?

ಯಾವ ಊರಲ್ಲಿ, ಯಾವ ತಿಂಗಳಲ್ಲಿ, ಯಾವ ಹೊತ್ತಲ್ಲಿ ಅಂತ ಹೇಳಿ, ಆಮೇಲೆ ಉತ್ತರ ಕೊಡಬಹುದು. ಜುಲೈಯಲ್ಲಿ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗ) ಬಾಯಿಯಲ್ಲೇ ನೀರು ಹೆಚ್ಚುಕಮ್ಮಿ ಸಪ್ಪೆ, ಕೆಂಪು ಬಣ್ಣ. ಏಪ್ರಿಲ್‌ನಲ್ಲಿ ಅದೇ ಉಪ್ಪುನೀರು ಕಿಲೋಮೀಟರ್‌ಗಟ್ಟಲೆ ಒಳಗೆ ಹೋಗಿ ತೋಟದ ಬುಡ ಮುಟ್ಟುತ್ತದೆ. ಉಪ್ಪು ನೀರು ಭಾರ, ಸಿಹಿ ನೀರು ಹಗುರ, ಹಾಗಾಗಿ ಒಂದೇ ಜಾಗದಲ್ಲಿ ಮೇಲೆ ಸಪ್ಪೆ ನೀರು, ಕೆಳಗೆ ಉಪ್ಪು ನೀರು ಇರುವುದೂ ಉಂಟು.

ಈ ಬೆರಕೆ ನೀರೇ ಇಲ್ಲಿನ ಬದುಕು. ಸಿಗಡಿ ಮರಿ ಬೆಳೆಯುವುದು ಅದರಲ್ಲಿ, ಬಳಚು (ಚಿಪ್ಪುಮೀನು) ಇರುವುದು ಅದರಲ್ಲಿ, ಕಾಂಡ್ಲಾ (ಮ್ಯಾಂಗ್ರೋವ್ ಮರ) ನಿಲ್ಲುವುದು ಅದರಲ್ಲಿ, ಕಗ್ಗ ಭತ್ತ ಆಗುವುದು ಅದರಿಂದ. ಪೂರ್ತಿ ಸಿಹಿಯಾದರೂ ಕೆಟ್ಟಿತು, ಪೂರ್ತಿ ಉಪ್ಪಾದರೂ ಕೆಟ್ಟಿತು. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಇದೇ ಮಾತಿಗೆ ಬಂದು ನಿಲ್ಲುತ್ತವೆ, ಬೇಜಾರು ಮಾಡಿಕೊಳ್ಳಬೇಡಿ.

ಭರತ, ಇಳಿತ ಯಾವಾಗ ಅಂತ ಹೇಗೆ ಗೊತ್ತಾಗುತ್ತದೆ? ಆ್ಯಪ್ ಬೇಕಾ?

ಆ್ಯಪ್ ಇದ್ದರೆ ಒಳ್ಳೆಯದೇ. ಆದರೆ ಕ್ಯಾಲೆಂಡರಿನ ತಿಥಿ ನೋಡಿದರೂ ಸಾಕು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ದಿನ ದಿನಕ್ಕೆ ಸುಮಾರು 50 ನಿಮಿಷ ತಡ ಆಗುತ್ತಾ ಹೋಗುತ್ತದೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ ನೀರು ತುಂಬಿ ಸಂಜೆ ಹೊತ್ತಿಗೆ ಇಳಿದಿರುತ್ತದೆ. ಆ ದಿನಗಳಲ್ಲಿ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಸುತ್ತಮುತ್ತ ನೀರು ಅಷ್ಟಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಹೊತ್ತೂ ತಿರುಗಾಮುರುಗಾ. ಇದು ಅಳಿವೆ ಬಾಯಿಯ ಲೆಕ್ಕ. ಮೇಲಕ್ಕೆ ಹೋದ ಹಾಗೆ ಭರತ ಮುಟ್ಟುವುದು ತಡ, ಮಳೆಗಾಲದಲ್ಲಿ ಬೆಳ್ಳ (ನೆರೆ) ಬಂದರೆ ಈ ಲೆಕ್ಕವೇ ಕೆಲಸಕ್ಕೆ ಬರುವುದಿಲ್ಲ.

ಬಲೆ ಹಾಕುವವರು, ಬಳಚು ಆರಿಸುವವರು, ಗಜನಿಯ ಬಾಗಿಲು ತೆಗೆಯುವವರು ಎಲ್ಲರೂ ಈ ಗಡಿಯಾರದ ಮೇಲೆಯೇ ಇರುವುದು. ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ ಅಂತ ಅವರಿಗೆ ಹೇಳಿ ಪ್ರಯೋಜನ ಇಲ್ಲ.

ಗಜನಿ ಅಂದರೆ ಏನು? ಸಿನಿಮಾನಾ?

ಈ ಜೋಕು ಸಾಕು ಮಾರಾಯ್ರೆ.

ಗಜನಿ ಅಂದರೆ ಅಳಿವೆಯ ಅಕ್ಕಪಕ್ಕದ ತಗ್ಗು ಜಮೀನು. ಭರತದ ನೀರು ಸಹಜವಾಗಿ ಬಂದು ಹೋಗುವ ಜಾಗಕ್ಕೆ ಮಣ್ಣಿನ ಒಡ್ಡು ಕಟ್ಟಿ, ಅಲ್ಲಲ್ಲಿ ಹಲಗೆಯ ಬಾಗಿಲು ಇಟ್ಟು, ನೀರನ್ನು ಬೇಕಾದಾಗ ಒಳಗೆ ಬಿಟ್ಟುಕೊಂಡು ಬೇಡದಾಗ ಹೊರಗೆ ಹಾಕುವ ವ್ಯವಸ್ಥೆ. ಅಘನಾಶಿನಿಯ ಎರಡೂ ದಡಕ್ಕೆ ಇದು ಜಾಸ್ತಿ, ಕುಮಟಾದಿಂದ ಗೋಕರ್ಣಕ್ಕೆ ಹೋಗುವಾಗ ಬಯಲಿನ ಹಾಗೆ ಕಾಣುವ ನೀರೆಲ್ಲ ಅದೇ.

ಮಳೆ ಹಿಡಿದ ಮೇಲೆ ಇಳಿತದ ಹೊತ್ತಿಗೆ ಬಾಗಿಲು ತೆಗೆದು ಒಳಗಿನ ಉಪ್ಪು ನೀರನ್ನು ಹೊರಗೆ ಬಿಡುತ್ತಾರೆ. ಭರತಕ್ಕೆ ಮುಚ್ಚುತ್ತಾರೆ. ಹೀಗೆ ಮಾಡುತ್ತಾ ಹೋದರೆ ಮಳೆ ನೀರು ಮಣ್ಣಿನ ಉಪ್ಪನ್ನು ತೊಳೆದು ಹಾಕುತ್ತದೆ. ಆಗ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಕೆಸರಿಗೆ ಬಿತ್ತುತ್ತಾರೆ. ಕಗ್ಗ ಅಂದರೆ ಉಪ್ಪು ತಡೆಯುವ ಊರಿನ ಭತ್ತ. ಎತ್ತರ ಬೆಳೆಯುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಸಾಯುವುದಿಲ್ಲ. ಇದಕ್ಕೆ ಗೊಬ್ಬರ ಇಲ್ಲ, ಔಷಧಿ ಇಲ್ಲ. ಹೊಳೆ ತಂದ ಗೋಡು ಮಣ್ಣೇ ಗೊಬ್ಬರ. ಮಳೆಗಾಲ ಮುಗಿದ ಮೇಲೆ ಕೊಯ್ಲು. ಕೊಯ್ದ ಮೇಲೆ ಬಾಗಿಲು ತೆಗೆದರೆ ಭರತದ ನೀರಿನ ಜೊತೆ ಸಿಗಡಿ, ಏಡಿ, ಮೀನಿನ ಮರಿ ಒಳಗೆ ಬರುತ್ತವೆ, ಭತ್ತದ ಕೂಳೆ ಕೊಳೆತು ಅವಕ್ಕೆ ಆಹಾರ ಆಗುತ್ತದೆ. ಅದೇ ಗದ್ದೆಯಲ್ಲಿ ಮಳೆಗಾಲಕ್ಕೆ ಅಕ್ಕಿ, ಬೇಸಿಗೆಗೆ ಮೀನು.

ಕೇಳಲಿಕ್ಕೆ ಚಂದ. ನಡೆಸುವುದು ಕಷ್ಟ, ಯಾಕೆಂದರೆ ಒಬ್ಬನೇ ಗಜನಿ ಮಾಡಲಿಕ್ಕೆ ಆಗುವುದಿಲ್ಲ. ಒಡ್ಡು ಎಲ್ಲರದು, ಬಾಗಿಲು ಎಲ್ಲರದು. ಒಬ್ಬ ತನ್ನ ಪಾಲಿನ ಒಡ್ಡು ಕಟ್ಟದಿದ್ದರೆ ಊರಿನ ಗದ್ದೆಗೆಲ್ಲ ಉಪ್ಪು ನೀರು.

ಹಾಗಾದರೆ ಕಗ್ಗ ಬೆಳೆಯುವವರು ಯಾಕೆ ಕಡಿಮೆ ಆದರು?

ಮೊದಲನೆಯದು ಸಿಗಡಿಯ ದುಡ್ಡು. 1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಬಂದಾಗ ಗಜನಿಗಳನ್ನು ಹರಾಜು ಹಾಕಿ ಮೀನಿಗೆ ಕೊಡುವುದು ಜೋರಾಯಿತು. ಹಿಡಿದವನಿಗೆ ಜೂನ್‌ನಲ್ಲಿ ನೀರು ಖಾಲಿ ಮಾಡುವ ಮನಸ್ಸಿಲ್ಲ. ಅವನಿಗೆ ಇನ್ನೂ ನಾಲ್ಕು ವಾರ ಸಿಗಡಿ ಬೆಳೆದರೆ ಲಾಭ. ಅಷ್ಟರಲ್ಲಿ ಬಿತ್ತುವ ಹದ ಹೋಗಿರುತ್ತದೆ. ಆಮೇಲೆ ಬಿಳಿಚುಕ್ಕೆ ರೋಗ ಬಂದು ಸಿಗಡಿಯೂ ಹೋಯಿತು, ಅಷ್ಟು ಹೊತ್ತಿಗೆ ಭತ್ತದ ಬೀಜವೂ ಹಲವು ಮನೆಗಳಲ್ಲಿ ಇರಲಿಲ್ಲ.

ಎರಡನೆಯದು ಒಡ್ಡು. ಮಣ್ಣಿನ ಒಡ್ಡನ್ನು ವರ್ಷ ವರ್ಷ ಊರಿನವರೇ ಕಟ್ಟುತ್ತಿದ್ದರು. ಸರ್ಕಾರದ ಖಾರ್‌ಲ್ಯಾಂಡ್ ಒಡ್ಡು (ಉಪ್ಪು ನೀರು ತಡೆಯಲಿಕ್ಕೆ ಕಟ್ಟಿದ್ದು) ಬಂದ ಮೇಲೆ ಅದು ಸರ್ಕಾರದ ಕೆಲಸ ಆಯಿತು. ಒಡ್ಡು ಒಡೆದರೆ ಅರ್ಜಿ, ಅರ್ಜಿಗೆ ಉತ್ತರ ಬರುವ ಹೊತ್ತಿಗೆ ಮಳೆಗಾಲ ಮುಗಿದಿರುತ್ತದೆ. ಕೂಲಿಗೆ ಜನ ಸಿಗುವುದಿಲ್ಲ ಅನ್ನುವುದು ಮೂರನೆಯದು, ಅದು ಎಲ್ಲ ಕಡೆ ಇರುವ ಕಥೆ.

ಕುಮಟಾ ತಾಲೂಕಿನ ಮಾಣಿಕಟ್ಟಾದಲ್ಲಿ ರೈತರು ಒಟ್ಟಾಗಿ ಇನ್ನೂ ಬೆಳೆಯುತ್ತಾರೆ. ಕಗ್ಗದ ಅಕ್ಕಿ ಕೆಂಪು, ಗಂಜಿಗೆ ಹೇಳಿ ಮಾಡಿಸಿದ್ದು. ಸಿಕ್ಕರೆ ಬಿಡಬೇಡಿ. ಆದರೆ ಸೂಪರ್ ಫುಡ್ ಅಂತ ಲೇಬಲ್ ಅಂಟಿಸಿ ಮೂರು ಪಟ್ಟು ಬೆಲೆಗೆ ಮಾರುವವರ ಹತ್ತಿರ ಬೇಡ, ಬೆಳೆದವರ ಹತ್ತಿರವೇ ತಗೊಳ್ಳಿ.

ಬಳಚು ಆರಿಸುವುದು ಹೇಗೆ? ನಾವೂ ಹೋಗಿ ಆರಿಸಬಹುದಾ?

ಇಳಿತದ ಹೊತ್ತಿಗೆ ಹೊಳೆಯ ನಡುವೆ ಮರಳು ದಿಬ್ಬ ಏಳುತ್ತದೆ. ದೋಣಿಯಲ್ಲೋ ನಡೆದೋ ಅಲ್ಲಿಗೆ ಹೋಗುತ್ತಾರೆ, ಹೆಂಗಸರೇ ಜಾಸ್ತಿ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಪಾದದಿಂದ ಕೆಸರು ಕೆದಕುತ್ತಾರೆ. ಗಟ್ಟಿಯಾದದ್ದು ಸಿಕ್ಕಿತು ಅಂದರೆ ಬಗ್ಗಿ ಕೈ ಹಾಕಿ ತೆಗೆಯುತ್ತಾರೆ. ಅಲ್ಯೂಮಿನಿಯಂ ಪಾತ್ರೆಯೊಂದನ್ನು ಸೊಂಟಕ್ಕೆ ಹಗ್ಗ ಕಟ್ಟಿ ತೇಲಿಬಿಟ್ಟಿರುತ್ತಾರೆ, ತೆಗೆದದ್ದು ಅದಕ್ಕೆ. ಕಲ್ಲಾ ಬಳಚಾ ಅಂತ ಕಣ್ಣಿಂದ ನೋಡುವುದೇ ಇಲ್ಲ, ಕಾಲಿಗೇ ಗೊತ್ತಾಗುತ್ತದೆ. ನೀರು ಏರಲು ಶುರುವಾದ ಕೂಡಲೇ ವಾಪಸ್. ಬೆನ್ನು, ಸೊಂಟ, ಉಪ್ಪು ನೀರಿನಲ್ಲಿ ನೆನೆದ ಬೆರಳಿನ ಸಂದಿ, ಎಲ್ಲಕ್ಕೂ ಪೆಟ್ಟು ಬೀಳುವ ಕೆಲಸ ಇದು.

ನೀವು ಒಂದೆರಡು ಮುಷ್ಟಿ ಆರಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಅದು ಅವರ ಹೊಟ್ಟೆಪಾಡು, ಕೇಳಿ ಹೋಗಿ. ಚೂಪು ಕಲ್ವದ (ಆಯ್ಸ್ಟರ್) ಚಿಪ್ಪು ಕಾಲು ಸೀಳುತ್ತದೆ, ಅದು ಬೇರೆ.

ತಂದ ಮೇಲೆ ರಾತ್ರಿಯಿಡೀ ನೀರಿನಲ್ಲಿ ಇಡಬೇಕು, ಒಳಗಿನ ಮರಳು ಉಗುಳುತ್ತದೆ. ಬೇಯಿಸಿದಾಗ ಬಾಯಿ ತೆರೆಯದ್ದನ್ನು ಎಸೆಯಿರಿ. ಕಾರವಾರದ ಕಡೆ ಕೊಂಕಣಿಯಲ್ಲಿ ಇದನ್ನೇ ತಿಸ್ರೆ ಅಂತಾರೆ, ಕಾಯಿ ತುರಿ ಹಾಕಿ ಸುಕ್ಕಾ ಮಾಡುತ್ತಾರೆ. ಚಿಪ್ಪನ್ನೂ ಬಿಡುತ್ತಿರಲಿಲ್ಲ, ಸುಟ್ಟು ಸುಣ್ಣ ಮಾಡುತ್ತಿದ್ದರು. ಈಗ ಹೊಳೆ ತಳದ ಚಿಪ್ಪನ್ನು ತೋಡಿ ಲೋಡುಗಟ್ಟಲೆ ಸಾಗಿಸುವುದರ ಬಗ್ಗೆ ಜಗಳ ಇದೆ. ಅಘನಾಶಿನಿಯಲ್ಲಿ ಬಳಚು ಮೊದಲಿನ ಹಾಗೆ ಸಿಗುತ್ತಿಲ್ಲ ಅಂತ ಆರಿಸುವವರೇ ಹೇಳುತ್ತಾರೆ. ತಳ ಕಲಕಿದರೆ ಮರಿ ಎಲ್ಲಿ ಕೂರಬೇಕು?

ಕಾಂಡ್ಲಾ ಕಾಡು ಎಲ್ಲಿ ನೋಡಬಹುದು?

ಕಾರವಾರದಲ್ಲಿ ಕಾಳಿ ದಡಕ್ಕೆ, ಹೊನ್ನಾವರದಲ್ಲಿ ಶರಾವತಿ ದಡಕ್ಕೆ ಅರಣ್ಯ ಇಲಾಖೆಯವರು ಹಲಗೆಯ ಕಾಲುದಾರಿ ಮಾಡಿದ್ದಾರೆ. ಕೆಸರಿಗೆ ಇಳಿಯದೆ ಒಳಗೆ ಹೋಗಬಹುದು. ಇಳಿತದ ಹೊತ್ತಿಗೆ ಹೋಗಿ, ಆಗಲೇ ಬೇರು ಕಾಣುವುದು. ಕೆಲವು ಮರಕ್ಕೆ ಬೇರು ಕೊಂಬೆಯಿಂದ ಇಳಿದು ಊರುಗೋಲಿನ ಹಾಗೆ ನಿಂತಿರುತ್ತದೆ. ಇನ್ನು ಕೆಲವಕ್ಕೆ ಉಸಿರಾಡುವ ಬೇರು ಕೆಸರಿನಿಂದ ಮೇಲಕ್ಕೆ ಮೊಳೆ ಎದ್ದಂತೆ ಇರುತ್ತದೆ. ಬೀಜ ಮರದಲ್ಲೇ ಮೊಳಕೆ ಬಂದು ಉದ್ದ ಕೋಡಿನ ಹಾಗೆ ಜೋತು, ಕೆಳಗೆ ಬಿದ್ದಾಗ ಕೆಸರಿಗೆ ನೆಟ್ಟಗೆ ಚುಚ್ಚಿಕೊಳ್ಳುತ್ತದೆ, ಅಥವಾ ತೇಲಿ ಇನ್ನೊಂದು ದಡ ಸೇರುತ್ತದೆ.

ದಡ ಕೊರೆಯದ ಹಾಗೆ ಹಿಡಿಯುವುದು ಇದೇ. ಮೀನು, ಏಡಿ, ಸಿಗಡಿಯ ಮರಿಗಳಿಗೆ ಅಡಗಲಿಕ್ಕೆ ಜಾಗ ಕೊಡುವುದೂ ಇದೇ. ಅದಕ್ಕೇ ಗಜನಿ ಒಡ್ಡಿನ ಹೊರಮೈಗೆ ಕಾಂಡ್ಲಾ ಬೆಳೆಸುತ್ತಾರೆ.

ತಾರಿ (ಹೊಳೆ ದಾಟಿಸುವ ದೋಣಿ) ಈಗಲೂ ಇದೆಯಾ?

ಕಡಿಮೆ ಆಗಿದೆ, ಸತ್ತಿಲ್ಲ. ತದಡಿಯಿಂದ ಅಘನಾಶಿನಿ ಊರಿಗೆ ಈಗಲೂ ನೀರಿನ ಮೇಲೆ ದಾಟುತ್ತಾರೆ. ಗೋಕರ್ಣದಿಂದ ಕುಮಟಾಕ್ಕೆ ರಸ್ತೆ ಸುತ್ತು ಹಾಕುವುದಕ್ಕಿಂತ ಇದು ಆರಾಮ. ಹೊಳೆಯ ನಡುವಿನ ಊರುಗಳಿವೆಯಲ್ಲ, ಅಘನಾಶಿನಿಯಲ್ಲಿ ಐಗಳಕುರ್ವೆ, ಮಾಸೂರುಕುರ್ವೆ, ಶರಾವತಿಯಲ್ಲಿ ಮಾವಿನಕುರ್ವೆ, ಕಾಳಿಯಲ್ಲಿ ಖಾರ್ಗೆಜೂಗ, ಇಂಥ ಕಡೆಯೆಲ್ಲ ಹಿಂದೆ ಬಾಣಂತಿಯೂ ದೋಣಿಯಲ್ಲೇ, ಮದುವೆ ದಿಬ್ಬಣವೂ ದೋಣಿಯಲ್ಲೇ. ಸೇತುವೆ ಆದ ಊರಿನವರು ತಾರಿಯನ್ನು ನೆನೆಸಿ ಕಣ್ಣೀರು ಹಾಕುವುದನ್ನು ನಾನಂತೂ ನೋಡಿಲ್ಲ. ರಾತ್ರಿ ಎದೆನೋವು ಬಂದಾಗ ಸೇತುವೆಯೇ ಬೇಕು.

ವೇಳಾಪಟ್ಟಿ ಕೇಳಬೇಡಿ. ಗಾಳಿ, ನೀರು, ಜನ ನೋಡಿ ಬಿಡುತ್ತಾರೆ. ದಡದಲ್ಲಿ ಕಾಯಿರಿ.

ಕಾಳಿ ಸೇತುವೆ ಬಿದ್ದದ್ದು ಯಾವಾಗ? ಈಗ ಗೋವಾಕ್ಕೆ ಹೋಗಬಹುದಾ?

2024ರ ಆಗಸ್ಟ್ 7, ರಾತ್ರಿ ಒಂದು ಗಂಟೆ ಹೊತ್ತಿಗೆ. ಕೋಡಿಬಾಗಕ್ಕೂ ಸದಾಶಿವಗಡಕ್ಕೂ ನಡುವಿನ ಹಳೆ ಸೇತುವೆ, ನಲವತ್ತು ವರ್ಷದ್ದು. ಒಂದು ಲಾರಿ ಹೊಳೆಗೆ ಬಿತ್ತು, ಚಾಲಕನನ್ನು ಮೀನುಗಾರರು, ಪೊಲೀಸರು ಸೇರಿ ಬದುಕಿಸಿದರು. ಚತುಷ್ಪಥಕ್ಕೆಂದು ಕಟ್ಟಿದ ಹೊಸ ಸೇತುವೆ ಪಕ್ಕದಲ್ಲೇ ಇದೆ, ಹೋಗಬಹುದು.

ಕೂರ್ಮಗಡ ಜಾತ್ರೆಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಕಾಳಿ ಅಳಿವೆಯ ಎದುರಿಗೆ ಇರುವ ನಡುಗಡ್ಡೆ. ಪುಷ್ಯ ಹುಣ್ಣಿಮೆಗೆ ನರಸಿಂಹ ದೇವರ ಜಾತ್ರೆ, ಕೋಡಿಬಾಗ ಕಡೆಯಿಂದ ದೋಣಿಗಳು ಹೊರಡುತ್ತವೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಹೋದರು, ಮಕ್ಕಳೂ ಇದ್ದರು. ಹೋಗಬೇಡಿ ಅನ್ನುವುದಿಲ್ಲ. ಹೊಳೆ ನೀರೂ ಸಮುದ್ರದ ಅಲೆಯೂ ಕೂಡುವ ಜಾಗ ಅದು, ದೋಣಿ ಅಡ್ಡ ತಿರುಗಿದರೆ ಕಷ್ಟ. ಲೈಫ್ ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ, ತುಂಬಿದ ದೋಣಿ ಹತ್ತಬೇಡಿ. ಗಾಳಿ ಏಳುವ ಮುಂಚೆ, ಬೆಳಿಗ್ಗೆಯೇ ಹೋಗಿ ಬನ್ನಿ. ಫೋಟೋಕ್ಕಾಗಿ ಎಲ್ಲರೂ ಒಂದೇ ಬದಿಗೆ ಹೋಗುವ ಬುದ್ಧಿ ಮಾತ್ರ ದಯವಿಟ್ಟು ಬೇಡ.

ಸಾಣಿಕಟ್ಟಾ ಉಪ್ಪು ಅಂದರೆ ಅಷ್ಟೊಂದು ವಿಶೇಷವಾ?

ಗೋಕರ್ಣದ ಹತ್ತಿರ ಅಘನಾಶಿನಿಯ ಹಿನ್ನೀರಿನಲ್ಲಿ ಆಗುವ ಉಪ್ಪು. ನೀರನ್ನು ಮಡಿಯಿಂದ ಮಡಿಗೆ ದಾಟಿಸಿ, ಬಿಸಿಲಿಗೆ ಗಟ್ಟಿ ಮಾಡಿ, ಹರಳು ಕೂತ ಮೇಲೆ ಎಳೆದು ರಾಶಿ ಹಾಕುತ್ತಾರೆ. ಮಳೆ ಬೀಳುವವರೆಗೆ ಅಷ್ಟೇ. ಮೇ ತಿಂಗಳಲ್ಲಿ ಒಂದು ಅಕಾಲ ಮಳೆ ಬಂದರೆ ಹಲವು ದಿನದ ಕೆಲಸ ನೀರಾಯಿತು. ಉಪ್ಪಿನಕಾಯಿಗೆ ನಮ್ಮ ಕಡೆ ಹಳಬರು ಈಗಲೂ ಈ ಕಲ್ಲುಪ್ಪನ್ನೇ ಕೇಳುತ್ತಾರೆ. ಬಣ್ಣ ಸ್ವಲ್ಪ ಮಾಸಲು, ಅದು ಕೊಳೆ ಅಲ್ಲ. 1930ರ ಏಪ್ರಿಲ್‌ನಲ್ಲಿ ಅಂಕೋಲಾದವರು ಉಪ್ಪಿನ ಸತ್ಯಾಗ್ರಹ ಮಾಡಿದ್ದೂ ಇದೇ ಕರಾವಳಿಯಲ್ಲಿ.

ಟಾಗೋರರು ಕಾಳಿಯಲ್ಲಿ ದೋಣಿ ಹತ್ತಿದ್ದರು ಅಂತಾರಲ್ಲ, ನಿಜವಾ?

ನಿಜ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಶುರುವಿನಲ್ಲಿ, ತರುಣ ರವೀಂದ್ರರು ಬಂದು ಉಳಿದಿದ್ದರು. ಬೆಳದಿಂಗಳ ರಾತ್ರಿ ಕಾಳಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋಗಿದ್ದನ್ನು ಅವರೇ ಬರೆದಿದ್ದಾರೆ. ಬೀಚಿಗೆ ಅವರ ಹೆಸರಿದೆ. ಅವರು ಮೆಚ್ಚಿದ್ದು ಹೊಳೆಯನ್ನೂ, ಆದರೆ ಅದನ್ನು ಯಾರೂ ಬೋರ್ಡಿನಲ್ಲಿ ಹಾಕುವುದಿಲ್ಲ.

ಹಿಂದೆ ಈ ಹೊಳೆಗಳಲ್ಲಿ ಹಡಗು ಬರುತ್ತಿತ್ತಾ?

ದೊಡ್ಡ ಹಡಗು ಅಳಿವೆಯ ಹೊರಗೆ, ಸರಕು ತರುವುದು ಒಳಗಿನಿಂದ ದೋಣಿಯಲ್ಲಿ. ಕಾಳುಮೆಣಸಿನ ರಾಣಿ ಅಂತ ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಗೇರುಸೊಪ್ಪೆ ಇರುವುದು ಶರಾವತಿ ದಡದಲ್ಲಿ, ಮಿರ್ಜಾನ್ ಕೋಟೆ ಅಘನಾಶಿನಿ ದಡದಲ್ಲಿ. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದದ್ದೂ ಮೆಣಸು, ಬಟ್ಟೆಯ ಆಸೆಗೇ. ಧಾರವಾಡ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು. ರೈಲು ಬೇರೆ ಕಡೆಗೆ ಹೋದ ಮೇಲೆ ಇದೆಲ್ಲ ಮುಗಿಯಿತು. ನಮಗೆ ರೈಲು ಬಂದದ್ದು 1998ರಲ್ಲಿ, ಕೊಂಕಣ ರೈಲ್ವೆ. ಹೊನ್ನಾವರದಲ್ಲಿ ಶರಾವತಿ ದಾಟುವ ಅದರ ಸೇತುವೆ ಎರಡು ಕಿ.ಮೀ.ಗಿಂತ ಉದ್ದ, ಆ ಮಾರ್ಗದಲ್ಲೇ ಉದ್ದದ್ದು.

ಇಷ್ಟೊಂದು ನೀರು ಸುಮ್ನೆ ಸಮುದ್ರಕ್ಕೆ ಹೋಗಿ ವ್ಯರ್ಥ ಆಗುತ್ತದಲ್ಲ, ಬಯಲುಸೀಮೆಗೆ ಕೊಟ್ಟರೇನು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರ ಮೇಲೆ ಸಿಟ್ಟು ಇಲ್ಲ, ಟ್ಯಾಂಕರ್‌ಗೆ ಕಾಯುವವರಿಗೆ ಜುಲೈಯ ಕಾಳಿ ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ವ್ಯರ್ಥ ಅನ್ನುವುದು ಸುಳ್ಳು.

ಮಳೆಗಾಲದ ನೀರು ಅಳಿವೆಗೆ ಬಂದು ಉಪ್ಪನ್ನು ಹೊರಗೆ ದೂಡದಿದ್ದರೆ ಗಜನಿಯಲ್ಲಿ ಬಿತ್ತನೆ ಇಲ್ಲ. ಅದು ತರುವ ಗೋಡು ಮಣ್ಣು ಇಲ್ಲದಿದ್ದರೆ ಕಾಂಡ್ಲಾಕ್ಕೆ ನೆಲ ಇಲ್ಲ. ಅದು ತರುವ ಮರಳು ನಿಂತರೆ ಕಡಲು ದಡವನ್ನು ತಿನ್ನುತ್ತದೆ. ಬೇಸಿಗೆಯ ಸಣ್ಣ ಹರಿವು ಕೂಡ ಕೆಲಸ ಮಾಡುತ್ತಿರುತ್ತದೆ, ಉಪ್ಪು ನೀರು ಮೇಲಕ್ಕೆ ಏರದ ಹಾಗೆ ತಡೆದು ನಿಲ್ಲಿಸುವುದು ಅದೇ. ಕುಮಟಾ, ಹೊನ್ನಾವರದವರು ಕುಡಿಯುವುದು ಮರಾಕಲ್‌ನಲ್ಲಿ ಎತ್ತುವ ಅಘನಾಶಿನಿ ನೀರು. ಅಂಕೋಲಾ, ಕಾರವಾರದ ನಲ್ಲಿಗೆ ಗಂಗಾವಳಿ. ಮೇಲೆ ಎಳೆದುಕೊಂಡರೆ ಈ ನಲ್ಲಿಯಲ್ಲಿ ಏನು ಬರುತ್ತದೆ?

ನಂಬಿಕೆ ಬರದಿದ್ದರೆ ಎರಡು ಹೊಳೆ ಹೋಲಿಸಿ ನೋಡಿ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಆಯಿತು, ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಕರೆಂಟು ತೆಗೆದು ಬಿಡುವ ನೀರು ವರ್ಷವಿಡೀ ಬರುವುದರಿಂದ ಹೊನ್ನಾವರದ ಅಳಿವೆ ಬೇಸಿಗೆಯಲ್ಲೂ ಸಪ್ಪೆ ಆಯಿತು. ಸಪ್ಪೆ ಆದದ್ದೇ ತೊಂದರೆ, ಬಳಚು ಕಡಿಮೆ ಆಯಿತು, ಉಪ್ಪು ಬೇಕಾದ ಮೀನುಗಳೂ ಕಡಿಮೆ. ಕೂಗಳತೆ ದೂರದ ಅಘನಾಶಿನಿಗೆ ಒಂದೂ ಅಣೆಕಟ್ಟು ಇಲ್ಲ, ಅಲ್ಲಿ ಮೀನು, ಚಿಪ್ಪು, ಕಾಂಡ್ಲಾ ಎಲ್ಲವೂ ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆಗಳನ್ನು ಓದಿ ಇದನ್ನೇ ಹೇಳಿದ್ದಾರೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಟ್ಟದಲ್ಲಿ ಕಾಪಾಡಬೇಕಾದ ಜೌಗು ಅಂತ ನಮ್ಮದೇ ಸರ್ಕಾರ ಒಪ್ಪಿಕೊಂಡ ಹಾಗೆ. ಅದೇ ಹೊಳೆಯ ನೀರನ್ನು ವೇದಾವತಿಗೆ, ಬೇಡ್ತಿಯ ನೀರನ್ನು ವರದೆಗೆ ಎತ್ತುವ ಯೋಜನೆಯ ಮಾತೂ ನಡೆಯುತ್ತಿದೆ. ಹಿಂದೆ ತದಡಿಗೆ ದೊಡ್ಡ ಉಷ್ಣ ವಿದ್ಯುತ್ ಸ್ಥಾವರದ ಮಾತು ಬಂದಿತ್ತು, ಜನ ಎದ್ದ ಮೇಲೆ ನಿಂತಿತು. ಬೇಡ್ತಿಗೆ ಅಣೆಕಟ್ಟು ಅಂತ ಎಂಬತ್ತರ ದಶಕದಲ್ಲೇ ಹೊರಟಿದ್ದರು, ಅದೂ ನಿಂತಿತು. ಈಗ ನದಿ ಜೋಡಣೆ ವಿರುದ್ಧ ಸೋಂದಾ ಸ್ವರ್ಣವಲ್ಲಿ ಮಠದಿಂದ ಹಿಡಿದು ಮೀನುಗಾರರವರೆಗೆ ಒಟ್ಟಾಗಿದ್ದಾರೆ. ಘಟ್ಟದ ಮೇಲಿನ ಅಡಿಕೆ ತೋಟದವರೂ ಕೆಳಗಿನ ಬಲೆಯವರೂ ಒಂದೇ ಪೆಂಡಾಲಿನಲ್ಲಿ ಕೂರುವುದು ದಿನಾ ಆಗುವ ವಿಷಯ ಅಲ್ಲ.

ಬಯಲುಸೀಮೆಗೆ ನೀರು ಬೇಡ ಅಂತಲ್ಲ. ಅಲ್ಲಿನ ಕೆರೆಗಳ ಹೂಳು ತೆಗೆಯದೆ, ಘಟ್ಟ ಕೊರೆದು, ಕಾಡು ಕಡಿದು, ಪಂಪಿನಲ್ಲಿ ನೀರನ್ನು ಗುಡ್ಡ ಹತ್ತಿಸುವುದು ಮೊದಲ ಉಪಾಯ ಆಗಬಾರದು.

ಕಾಳಿಗೆ ಎಷ್ಟು ಅಣೆಕಟ್ಟು?

ಮುಖ್ಯವಾದವು ಸೂಪಾ, ತಟ್ಟಿಹಳ್ಳ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಸೂಪಾ 101 ಮೀಟರ್ ಎತ್ತರದ್ದು, ಹಳೆ ಸೂಪಾ ಊರು ಅದರಡಿ ಮುಳುಗಿದೆ. ಕದ್ರಾದ ನೀರಿನ ಪಕ್ಕ ಕೈಗಾ ಅಣು ವಿದ್ಯುತ್ ಕೇಂದ್ರ, 220 ಮೆಗಾವಾಟಿನ ನಾಲ್ಕು ಘಟಕ. ದಾಂಡೇಲಿಯಲ್ಲಿ ರಾಫ್ಟಿಂಗ್ ಮಾಡುತ್ತೀರಲ್ಲ, ಆ ನೀರೂ ಅಣೆಕಟ್ಟಿನವರು ಬಿಟ್ಟರೆ ಮಾತ್ರ. 2019ರ ಆಗಸ್ಟ್‌ನಲ್ಲಿ ಕದ್ರಾದ ಗೇಟು ತೆಗೆದಾಗ ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಮಳೆಗಾಲದಲ್ಲಿ ಕಾಳಿ ದಡದಲ್ಲಿದ್ದರೆ ಆಕಾಶ ನೋಡಿದರೆ ಸಾಲದು, ಅಣೆಕಟ್ಟಿನ ಸುದ್ದಿಯನ್ನೂ ಕೇಳುತ್ತಿರಬೇಕು.

ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೊಳೆಯಾಚೆ ಊರಿಗೆ ಹೇಗೆ ಹಾನಿ ಆಯಿತು?

2024ರ ಜುಲೈ 16. ಅಂಕೋಲಾ ತಾಲೂಕು, ರಾಷ್ಟ್ರೀಯ ಹೆದ್ದಾರಿ 66, ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ತುಂಬಿದ ಗಂಗಾವಳಿ. ಗುಡ್ಡ ರಸ್ತೆ ದಾಟಿ ನೇರ ಹೊಳೆಗೆ ಬಂತು. ಅಷ್ಟು ಮಣ್ಣು ಒಮ್ಮೆಗೇ ಬಿದ್ದಾಗ ನೀರು ಎದ್ದು ಎದುರು ದಡದ ಉಳುವರೆಯ ಮನೆಗಳ ಮೇಲೆ ಅಪ್ಪಳಿಸಿತು. ಹೊಳೆಯಲ್ಲಿ ಮುಳುಗಿದ ಲಾರಿಯನ್ನು ಎತ್ತಿದ್ದು ಸೆಪ್ಟೆಂಬರ್ ಕೊನೆಗೆ. ಉಳುವರೆಯವರು ಗುಡ್ಡ ಕಡಿದವರಲ್ಲ, ರಸ್ತೆ ಅವರ ದಡದಲ್ಲೂ ಇಲ್ಲ. ಹೊಳೆ ಪಕ್ಕ ಗುಡ್ಡ ಕಡಿಯುವಾಗ ಆಚೆ ದಡವನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ಯಾವ ನಕ್ಷೆಯಲ್ಲೂ ಇರಲಿಲ್ಲ ಅಂತ ಕಾಣುತ್ತದೆ.

ಜೂನ್, ಜುಲೈಯಲ್ಲಿ ಮೀನು ಸಿಗುವುದಿಲ್ಲವಾ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಕಡಲಿನಲ್ಲಿ ನಿಷೇಧ, ಮೀನು ಮರಿ ಹಾಕುವ ಕಾಲ. ಆಗ ಹೊಳೆ ಮೀನಿಗೆ ರಾಜ ಮರ್ಯಾದೆ. ಬೀಸುಬಲೆ ಹಾಕುವವನ ಸುತ್ತ ಗಿರಾಕಿಗಳು ದಡದಲ್ಲೇ ನಿಂತಿರುತ್ತಾರೆ. ನೊಗಲಿ ಮೀನು ಸಿಕ್ಕರೆ ಬೆಲೆ ಕೇಳಬೇಡಿ, ತಗೊಂಡು ಬಿಡಿ. ಹೊರಗಿನಿಂದ ಐಸಿನಲ್ಲಿ ಬರುವ ಬಂಗಡೆಗೂ ಇದಕ್ಕೂ ಹೋಲಿಕೆ ಇಲ್ಲ.

ಅಳಿವೆಯಲ್ಲಿ ಈಜಬಹುದಾ?

ಬೇಡ. ಮೇಲೆ ನೋಡಲಿಕ್ಕೆ ಶಾಂತ, ಇಳಿತದ ಹೊತ್ತಿಗೆ ಇಡೀ ಹೊಳೆ ಕಿರಿದಾದ ಬಾಯಿಯಿಂದ ಹೊರಗೆ ಎಳೆಯುತ್ತದೆ. ನಿನ್ನೆ ನಿಂತ ಮರಳು ದಿಬ್ಬ ಇವತ್ತು ಅಲ್ಲಿರುವುದಿಲ್ಲ.

ನಮ್ಮ ಮನೆ ಬಾವಿ ಬೇಸಿಗೆಯಲ್ಲಿ ಉಪ್ಪಾಗುತ್ತಿದೆ. ಬೋರ್ ಹೊಡೆಸಿದರೆ ಸಿಹಿ ನೀರು ಸಿಗುತ್ತದಾ?

ಹೊಳೆ, ಕಡಲಿನ ಹತ್ತಿರ ಇದ್ದರೆ ಆಳಕ್ಕೆ ಹೋದಷ್ಟೂ ಉಪ್ಪು ಸಿಗುವ ಸಾಧ್ಯತೆಯೇ ಜಾಸ್ತಿ. ಮಳೆಯ ಸಿಹಿ ನೀರು ನೆಲದೊಳಗೆ ಉಪ್ಪು ನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿ ನೀರು ನಿಂತಿದ್ದರೆ ಅದು ಕೆಳಗೆ ಸುಮಾರು 40 ಅಡಿವರೆಗೆ ಉಪ್ಪನ್ನು ತಡೆಯುತ್ತದೆ ಅನ್ನುವುದು ಲೆಕ್ಕ. ಅಂದರೆ ಮೇಲಿನ ಒಂದು ಅಡಿ ಎಳೆದು ಹಾಕಿದರೆ ಕೆಳಗಿನಿಂದ ಉಪ್ಪು ಮೇಲೆ ಬರಲಿಕ್ಕೆ ದಾರಿ ಕೊಟ್ಟ ಹಾಗೆ. ದೊಡ್ಡ ಪಂಪ್ ಹಾಕಿ ಒಂದೇ ಸಲಕ್ಕೆ ಬಾವಿ ಖಾಲಿ ಮಾಡಬೇಡಿ, ಸಣ್ಣ ಪಂಪಿನಲ್ಲಿ ಬಿಟ್ಟು ಬಿಟ್ಟು ಎತ್ತಿ. ಬಾವಿ ಇನ್ನೂ ಆಳ ಮಾಡಿಸಬೇಡಿ. ಮಾಡಿನ ನೀರನ್ನು ಗಟಾರಕ್ಕೆ ಬಿಡುವ ಬದಲು ಸೋಸಿ ಬಾವಿಗೋ ಪಕ್ಕದ ಇಂಗುಗುಂಡಿಗೋ ತಿರುಗಿಸಿ. ಇಲ್ಲಿ ವರ್ಷಕ್ಕೆ 3,000 ಮಿ.ಮೀ. ಮೇಲೆ ಮಳೆ ಬೀಳುತ್ತದೆ. ಹತ್ತಿರದ ಗಜನಿ ಒಡ್ಡು ಒಡೆದಿದ್ದರೆ ಅಥವಾ ಬಾಗಿಲಿನ ಹಲಗೆ ಕೊಳೆತಿದ್ದರೆ ಉಪ್ಪು ಅಲ್ಲಿಂದಲೇ ಬರುತ್ತಿರಬಹುದು, ಮೊದಲು ಅದನ್ನು ನೋಡಿ. ಹಲಗೆ ಬದಲಾಯಿಸಲಿಕ್ಕೆ ಟೆಂಡರ್ ಕಾಯಬೇಕಾಗಿಲ್ಲ, ನಾಲ್ಕು ಮನೆಯವರು ಸೇರಿದರೆ ಒಂದು ಇಳಿತದ ಹೊತ್ತು ಸಾಕು.